ದುರಸ್ತಿಯಾಗದ ಏಣಿ

ಕಳೆದ ತಿಂಗಳು ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ನಲ್ಲಿ ಕೆಟ್ಟಿತ್ತು. ರಿಪೇರಿಗೆ ಬಂದವನು ಪೈಪಿನ ತುದಿಗೆ ಸೆಣಬಿನ ನಾರು ಸುತ್ತಿ ಪೇಂಟು ಬಳಿದ. ಈಗೆಲ್ಲ ಟೇಪು ಸುತ್ತುತ್ತಾರೆ. ಆ ನಾರು, ಪೇಂಟಿನ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹಿಂದೆ ನಾನು ಕೆಲಸಕ್ಕಿದ್ದ ಕಡೆ ನಲ್ಲಿ, ಪೈಪು ನೋಡಿಕೊಳ್ಳುತ್ತಿದ್ದ ನೀರಿನ ಮೇಸ್ತ್ರಿಯ ಅಂಗಿಯಿಂದ ಬರುತ್ತಿದ್ದ ವಾಸನೆ ಅದು...

ಆಗ ನಾನು ಭದ್ರಾವತಿಯ ಒಂದು ಖಾಸಗಿ ಕಾರ್ಖಾನೆಯ ಕಾಲೋನಿಯಲ್ಲಿ, ರಿಪೇರಿ ಕೆಲಸ ನೋಡಿಕೊಳ್ಳುವ ಆಫೀಸಿನ ಗುಮಾಸ್ತ. ಓದಿದ್ದು ಎಸ್ಸೆಸ್ಸೆಲ್ಸಿ. ಕಾಲೋನಿಯ ಮನೆಯವರು ಕೊಟ್ಟ ದೂರನ್ನು ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದೆ. ಕೆಲಸ ಆದ ಮೇಲೆ ಆ ಮನೆಯವರೇ ಸಹಿ ಹಾಕಬೇಕು. ಸಹಿ ಬೀಳದೆ ದೂರು ಮುಗಿಯುತ್ತಿರಲಿಲ್ಲ. ಕೆಲವು ತಿಂಗಳುಗಟ್ಟಲೆ ಉಳಿಯುತ್ತಿದ್ದವು. ಅದಕ್ಕೆ ಯಾರೂ ನಾಚಿಕೊಳ್ಳುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂತು, ಪುಸ್ತಕ ಬೀರು ಸೇರಿತು. ನಮಗೆಲ್ಲ ಅದು ಕಿರಿಕಿರಿ. ಮೇಸ್ತ್ರಿಗೆ ಮಾತ್ರ ಭಕ್ತಿ. ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದರು.

‘ಮೇಸ್ತ್ರಿ, ನಾಳೆ ಊದುಬತ್ತಿನೂ ತಂದ್ಬಿಡಿ’ ಎಂದು ಎಲೆಕ್ಟ್ರಿಷಿಯನ್ ಛೇಡಿಸುತ್ತಿದ್ದ.

‘ನಗ್ರಪ್ಪಾ, ನಗ್ರಿ. ನಿಮ್ ಥರ ಅದು ಮರೆಯಲ್ಲ, ಮುಲಾಜೂ ನೋಡಲ್ಲ’ ಅನ್ನುತ್ತಿದ್ದರು.

ಪರದೆಯ ಮೇಲಿನ ಇಂಗ್ಲಿಷು ಅವರಿಗೆ ಬಾರದು. ನಾನೇ ಓದಿ ಹೇಳಬೇಕಿತ್ತು.

ಹೊಸ ಸಾಹೇಬರು ಪ್ರತಿ ಸೋಮವಾರ ಬಾಕಿ ದೂರುಗಳ ಪಟ್ಟಿ ತೆಗೆಸಿ ಎಲ್ಲರ ಮುಂದೆ ಓದುತ್ತಿದ್ದರು. ಯಾಕೆ ಬಾಕಿ ಎಂದು ಕೇಳುತ್ತಿರಲಿಲ್ಲ. ಹೆಸರು ಕೂಗಿ ನಿಲ್ಲಿಸುತ್ತಿದ್ದರು, ಅಷ್ಟೆ. ಎರಡು ವಾರ ತಲೆ ತಗ್ಗಿಸಿ ನಿಂತೆ. ಆಮೇಲೆ ಶನಿವಾರ ಮಧ್ಯಾಹ್ನವೇ ಎಲ್ಲ ಬಾಕಿ ದೂರುಗಳ ಮುಂದೆ ‘ಮುಗಿದಿದೆ’ ಎಂದು ಹಾಕತೊಡಗಿದೆ. ಹೇಗೂ ಮುಂದಿನ ವಾರ ಆಗುತ್ತದಲ್ಲ... ಕಂಪ್ಯೂಟರಿನಲ್ಲಿ ಮನೆಯವರ ಸಹಿಗೆ ಜಾಗವೇ ಇರಲಿಲ್ಲ. ಇದು ಇಡೀ ಆಫೀಸಿಗೆ ಗೊತ್ತಿತ್ತು, ಮೇಸ್ತ್ರಿಯೊಬ್ಬರನ್ನು ಬಿಟ್ಟು. ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಕಾಲೋನಿಯ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಯ ಮೇಲ್ಗಡೆ ಒಂದು ಮೆಟ್ಟಿಲು ಸಡಿಲವಾಗಿದೆ ಎಂದು ದೂರು ಕೊಟ್ಟವರು ಮೇಸ್ತ್ರಿಯೇ. ವೆಲ್ಡರ್ ಬರಲಿಲ್ಲ. ನಾನು ಎಂದಿನಂತೆ ‘ಮುಗಿದಿದೆ’ ಎಂದು ಹಾಕಿದ್ದೆ. ಸೋಮವಾರ ಬೆಳಿಗ್ಗೆ ಟ್ಯಾಂಕು ತುಂಬಿ ಹರಿಯುತ್ತಿತ್ತು, ಮೇಲೆ ಹತ್ತಿ ನೋಡಬೇಕಿತ್ತು. ಮೇಸ್ತ್ರಿ ಬಾಗಿಲಲ್ಲೇ ನಿಂತು ಕೇಳಿದರು, ‘ಏಣಿದು ಆಯ್ತಾ, ಒಸಿ ನೋಡು ಮಾರಾಯ.’

ಸಾಹೇಬರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು.

‘ಆಗಿದೆ’ ಅಂದೆ.

ಸಾಹೇಬರು ಆಚೆ ಹೋದರೆ ಓಡಿಹೋಗಿ ಹೇಳೋಣ ಎಂದು ಕಾಯುತ್ತಿದ್ದೆ. ಅವರು ಹೋಗುವ ಮೊದಲೇ ಹೊರಗೆ ಜನರ ಕೂಗು ಕೇಳಿತು.

ಏಣಿಯಿಂದ ಬಿದ್ದು ಮೇಸ್ತ್ರಿಯ ಸೊಂಟ ಮುರಿದಿತ್ತು. ಅದೇ ಮಧ್ಯಾಹ್ನ ಸಾಹೇಬರು ವೆಲ್ಡರನ್ನು ಕರೆಸಿ ಮೆಟ್ಟಿಲು ಭದ್ರ ಮಾಡಿಸಿದರು. ವಿಚಾರಣೆಗೆ ಬಂದವರಿಗೆ ಕಂಡದ್ದು ಗಟ್ಟಿ ಏಣಿ. ಕಂಪ್ಯೂಟರಿನಲ್ಲಿ ದುರಸ್ತಿಗೆ ಶನಿವಾರದ ತಾರೀಖು. ‘ಸರಿಯಾ?’ ಎಂದು ಕೇಳಿದರು. ಸರಿ ಎಂದು ರುಜು ಹಾಕಿದೆ. ಕೆಲಸಗಾರನ ಅಜಾಗರೂಕತೆ ಎಂದು ವರದಿಯಾಯಿತು.

ಶಿವಮೊಗ್ಗದ ಆಸ್ಪತ್ರೆಗೆ ನೋಡಲು ಹೋದೆ. ‘ಕಾಲಡಿ ಮೆಟ್ಲು ಅಲ್ಲಾಡಿದಂಗಾಯ್ತು ಮಾರಾಯ’ ಅಂದರು. ಆಮೇಲೆ ತಾವೇ, ‘ಆದ್ರೆ ರಿಪೇರಿ ಆಗಿತ್ತಲ್ಲ... ಕಂಪ್ಯೂಟರ್ ಯಾಕೆ ಸುಳ್ಳು ಹೇಳುತ್ತೆ. ನನ್ ಕಾಲೇ ಜಾರಿರ್ಬೇಕು’ ಅಂದರು. ನಾನು ಮೂಸಂಬಿ ಸುಲಿಯುತ್ತಿದ್ದೆ. ಒಂದು ತೊಳೆ ಬಿಡಿಸಿ ಅವರ ಕೈಗಿಟ್ಟೆ.

ಮತ್ತೆ ಅವರು ಏಣಿ ಹತ್ತಲಿಲ್ಲ. ಕೆಲವು ವರ್ಷ ಮನೆಯ ಜಗುಲಿಯಲ್ಲಿ ಕುಳಿತು ಕಾಲ ಕಳೆದು ತೀರಿಕೊಂಡರು.

ನಲ್ಲಿ ರಿಪೇರಿಯಾದ ಮರುದಿನ ಭದ್ರಾವತಿಗೆ ಬಸ್ಸು ಹತ್ತಿದೆ. ಮೇಸ್ತ್ರಿಯ ಮಗಳು ಅಲ್ಲೇ ಇದ್ದಾಳೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

‘ನಂಗೆ ಹೇಳಿ ಏನುಪಯೋಗ ಅಂಕಲ್’ ಅಂದಳು. ‘ಅಪ್ಪ ಸಾಯೋವರೆಗೂ ಆ ಕಾಲಿಗೆ ಬೈಕೊಳ್ತಿದ್ರು.’