ಭಾವನ ಎಡಪುಟ

ಭಾವನ ಎಡಗೈ ಕಿರುಬೆರಳಿನ ಬದಿಗೆ ಸದಾ ನೀಲಿ ಶಾಯಿ. ಎಡಚನಾದ್ದರಿಂದ ಬರೆದ ಸಾಲನ್ನೇ ಉಜ್ಜಿಕೊಂಡು ಅವನ ಕೈ ಮುಂದೆ ಸಾಗುತ್ತಿತ್ತು. ನಮ್ಮವ್ವನಿಗೆ ಅದೇ ಚೆಂದ. "ನೋಡ್ಲಾ, ಓದೋರ ಕೈ ಅಂದ್ರೆ ಇಂಗಿರ್ಬೇಕು" ಎಂದಳು. ನಾನೂ ಒಂದು ರೀಫಿಲ್ ಒಡೆದು ಕೈಗೆ ಬಳಿದುಕೊಂಡೆ. ಅವ್ವ ಸೋಪು ಕೊಟ್ಟಳು.

ಭಾವ ಎಂದರೆ ಭೀಮನಬೀಡಿನ ಸೋದರತ್ತೆ ಮಗ, ನನಗಿಂತ ನಾಲ್ಕು ತಿಂಗಳು ದೊಡ್ಡವನು. ಚಾಮರಾಜನಗರದಲ್ಲಿ ನನ್ನ ಜೊತೆಯೇ ಎಂಎಸ್ಸಿ ಭೌತಶಾಸ್ತ್ರ ಓದಲು ಹರದನಹಳ್ಳಿಯ ನಮ್ಮ ಮನೆಗೆ ಬಂದು ಸೇರಿದ್ದ. ಮೊದಲ ಮುದ್ದೆ ಅವನ ತಟ್ಟೆಗೆ ಬೀಳತೊಡಗಿದ್ದು ಅಂದಿನಿಂದ. ಪ್ರೊಫೆಸರರ ಕೆಮ್ಮಿನಿಂದ ಹಿಡಿದು ಬಸ್ ಕಂಡಕ್ಟರನ ಮೂಗುದನಿಯವರೆಗೆ ಯಾರನ್ನು ಬೇಕಾದರೂ ಅಣಕಿಸಬಲ್ಲ ನನಗೆ ಭಾವ ಮಾತ್ರ ದಕ್ಕಲಿಲ್ಲ. ಅವನು ಬಾಯಿ ಬಿಟ್ಟರೆ ತಾನೆ!

ಕೊನೆಯ ಸೆಮಿಸ್ಟರಿನಲ್ಲಿ ಸೆಮಿನಾರು ಬಂತು. ಚೆನ್ನಾಗಿ ಮಾಡಿದ ಒಬ್ಬರನ್ನು ಮಾತ್ರ ಪ್ರೊಫೆಸರು ಸಂಶೋಧನೆಗೆ ಶಿಫಾರಸು ಮಾಡುವವರಿದ್ದರು. ನಮ್ಮಿಬ್ಬರಿಗೂ ಸಿಕ್ಕಿದ್ದು ಒಂದೇ ವಿಷಯ: ಎರಡು ಕಣಗಳು ಒಂದನ್ನೊಂದು ಸಮೀಪಿಸಿ ಚದುರುವುದನ್ನು ಕ್ವಾಂಟಮ್ ಲೆಕ್ಕದಲ್ಲಿ ಬರೆದು, ಅದರೊಳಗಿಂದ ಶಾಲೆಯಲ್ಲಿ ಓದಿದ ಹಳೆಯ ಗುರುತ್ವವನ್ನೂ ಅದರ ಮೇಲಿನ ಸಣ್ಣ ತಿದ್ದುಪಡಿಯನ್ನೂ ಹೊರತೆಗೆಯುವುದು. ಭಾವನ ನೋಟ್‌ಬುಕ್ಕಿನ ಎಡಪುಟವೆಲ್ಲ ಗೀಚುಗೀಚು, ಬಲಪುಟ ಮುತ್ತು ಪೋಣಿಸಿದಂತೆ. ಅವನು ಸ್ನಾನಕ್ಕೆ ಹೋದಾಗ ಬಲಪುಟಗಳನ್ನಷ್ಟೇ ಫೋನಿನಲ್ಲಿ ಫೋಟೊ ಹೊಡೆದುಕೊಂಡೆ.

ಸೆಮಿನಾರಿನ ದಿನ ಬೋರ್ಡಿನ ಮುಂದೆ ನಾನೇ ಭಾವ. ಅದೇ ಅಕ್ಷರ, ಅದೇ ಗತ್ತು. ಪ್ರೊಫೆಸರು ಒಮ್ಮೆ ಕೆಮ್ಮಿ, ಎಚ್-ಬಾರ್ ಅನ್ನು ಸೊನ್ನೆ ಮಾಡಿ ತೋರಿಸಲು ಹೇಳಿದರು. ಅದು ಕ್ವಾಂಟಮ್ ಲೋಕದ ಅಳತೆ. ಸೊನ್ನೆಯಾದರೆ ಹಳೆಯ ಗುರುತ್ವ ಬಲ ಉಳಿಯಬೇಕು. ನನ್ನ ಉತ್ತರ ಅನಂತಕ್ಕೆ ಓಡಿತು. ಕ್ಲಾಸು ನಕ್ಕಿತು. ಆ ನಗು ನಾನು ಎಬ್ಬಿಸಿದ್ದಲ್ಲ.

ನನ್ನ ನಂತರ ಭಾವ ಎದ್ದು ಬಂದು ಎಡಪುಟದಿಂದ ಶುರುಮಾಡಿದ. ಆ ಲೆಕ್ಕ ಸುತ್ತು ಸುತ್ತಾಗಿ ನಡೆಯುವಂಥದ್ದು; ಮೊದಲ ಸುತ್ತಿನ ಬಲವೇ ಎರಡು ಸಲ ಕೆಲಸ ಮಾಡಿ ಎರಡನೇ ಸುತ್ತಿನ ಲೆಕ್ಕದೊಳಗೆ ಅಡಗಿ ಕೂತಿರುತ್ತದಂತೆ. ನನ್ನ ಉತ್ತರವನ್ನು ಅನಂತಕ್ಕೆ ಓಡಿಸಿದ್ದು ಅದೇ. ಅದನ್ನು ಕಳೆದರೆ ಮಾತ್ರ ನಿಜವಾದ ತಿದ್ದುಪಡಿ ಉಳಿಯುತ್ತದೆ. ಅವನ ಗೀಚೆಲ್ಲ ಆ ಕಳೆಯುವ ಲೆಕ್ಕ. ಶಿಫಾರಸು ಅವನಿಗೇ ಹೋಯಿತು.

ಮನೆಗೆ ಬಂದವನೇ ರೇಗಿದೆ. ಫೋಟೊ ಹೊಡೆದದ್ದು ಅವನಿಗೆ ಮೊದಲೇ ಗೊತ್ತಿತ್ತೆಂದು ಆಗ ತಿಳಿಯಿತು.

"ಗೊತ್ತಿದ್ದೂ ಎಡಪುಟ ಬೇಕು ಅಂತ ಯಾಕ್ಲಾ ಯೋಳ್ನಿಲ್ಲ?"

"ಕೇಳುದ್ರೆ ಯೋಳ್ತಿದ್ದೆ ಕಣ್ಲಾ. ನೀನು ನನ್ ಅಕ್ಸರ ನೋಡ್ದೆ, ನನ್ನ ಕೇಳ್ನಿಲ್ಲ."

ಅಷ್ಟು ಹೇಳಿ ನೋಟ್‌ಬುಕ್ ಬಿಚ್ಚಿ ಕೂತ. ಪರೀಕ್ಷೆಯವರೆಗೆ ದಿನವೂ ಎಡಪುಟ ಹೇಳಿಕೊಟ್ಟ. ನಾನು ಪಾಸಾದದ್ದು ಆ ಗೀಚಿನಿಂದ.

ಈಗ ಭಾವ ದೂರದಲ್ಲೆಲ್ಲೋ ಸಂಶೋಧಕ. ಅವ್ವ ಅವನ ಫೋಟೊವನ್ನು ಬಂದವರಿಗೆಲ್ಲ ತೋರಿಸುತ್ತಾಳೆ, ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ. ನಾನು ಗುಂಡ್ಲುಪೇಟೆಯಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಅಷ್ಟು ದೊಡ್ಡ ಲೆಕ್ಕ ಅವರಿಗಿಲ್ಲ; ಆದರೂ ಎಡಪುಟ ಬರೆಸದೆ ಬಲಪುಟ ಮುಟ್ಟಗೊಡುವುದಿಲ್ಲ. ಈ ಪದ್ಧತಿ ನಿಮ್ಮದೇನಾ ಸಾರ್ ಎಂದು ಮಕ್ಕಳು ಕೇಳಿದಾಗಲೆಲ್ಲ ಎರಡು ವರ್ಷ ಮುಗುಳ್ನಕ್ಕು ಸುಮ್ಮನಿದ್ದೆ. ಮೊನ್ನೆ ಒಬ್ಬಳು ಮತ್ತೆ ಕೇಳಿದಳು.

"ನಮ್ ಭಾವುಂದು ಕಣಮ್ಮಿ," ಎಂದೆ.