ಫೋನಿನ ಹಣೆಗೆ ವಿಭೂತಿ

ಕರೆಂಟ್ ಮೀಟರ್ ಓದೋಕೆ ಯಡಿಯೂರು ಕಡೆ ಒಂದು ಮನೆಗೆ ಹೋಗಿದ್ದೆ. ಒಲೆ ಅಂಗಳದಲ್ಲಿ, ಉರಿಬಿಸಿಲಲ್ಲಿ ಇತ್ತು. "ಯಾಕಜ್ಜಿ ಹೊರಗೆ?" ಅಂದೆ.

"ಹೊಸ ಟಚ್ ಫೋನ್ ತಂದಿದೀನಿ ಕಣಪ್ಪ. ವಿಡಿಯೋದಲ್ಲಿ ಮಾತಾಡಿದ್ರೆ ತುಮಕೂರಲ್ಲಿರೋ ಮಗಳು, ಮನೆ ತುಂಬಾ ಹೊಗೆ, ನಿನ್ ಮುಖಾನೇ ಕಾಣಲ್ಲ ಅಂತಾಳೆ. ಒಲೆ ಹೊರಗಿಟ್ರೂ ಹೊಗೆ ಹೋಗಿಲ್ಲ!"

ಫೋನ್ ಇಸ್ಕೊಂಡು ನೋಡಿದೆ. ಹೊಸದಕ್ಕೆ ಪೂಜೆ ಆಗಿತ್ತು. ಮೇಲಂಚಿನ ಪುಟ್ಟ ಕ್ಯಾಮೆರಾ ಮೇಲೆ ಮೂರು ಬೆರಳಿನ ವಿಭೂತಿ.

"ಇದು ಅದರ ಕಣ್ಣು ಅಜ್ಜಿ" ಅಂತ ಅಂಗಿ ಚುಂಗಲ್ಲಿ ಒರೆಸಿ ಕೊಟ್ಟೆ. ಅಜ್ಜಿ ಮಗಳಿಗೆ ಫೋನ್ ಹಚ್ಚಿದರು.

"ಅವ್ವಾ! ಮೂಗುತಿನೂ ಕಾಣ್ತೈತೆ ಕಣವ್ವ!"

ಆ ಕಡೆ ಮಡಿಲಲ್ಲಿದ್ದ ಕೂಸು ಅಜ್ಜಿಯನ್ನ ನೋಡಿ ನಕ್ಕು ಕೈ ಚಾಚಿತು. ಅಜ್ಜಿ ಆ ಪುಟ್ಟ ಅಂಗೈಗೆ ಗಾಜಿನ ಮೇಲೇ ಬೆರಳು ಮುಟ್ಟಿಸಿ ನಿಂತರು. ದಿನವಿಡೀ ಫೋನ್ ಉಜ್ಜೋ ನಾನೂ ಮೀಟರ್ ಮರೆತು ಬೆಪ್ಪಾಗಿ ನಿಂತೆ.

ಮಾತು ಮುಗೀತು. "ಹಣೆ ಬೋಳು ಬಿಡಬಾರ್ದು. ಹಿಂದ್ಗಡೆ ಹಚ್ತೀನಿ ಬುಡು" ಅಂದ ಅಜ್ಜಿ, ಫೋನ್ ತಿರುಗಿಸಿ ಹಿಂದಿನ ಕ್ಯಾಮೆರಾ ಮೇಲೇ ಮೂರು ಬೆರಳು ಎಳೆದರು.

ಇನ್ನು ಫೋಟೋ ತೆಗೆದರೆ ಊರಿಗೂರೇ ಹೊಗೆ. ನಾನು ಮೀಟರ್ ಕಡೆ ತಿರುಗಿದೆ.