ಹಸಿರು ಟವಲ್

ನಮ್ಮ ರಮಣಪ್ಪ ಮೇಷ್ಟ್ರು ಯಾರ ಕಣ್ಣನ್ನೂ ನಂಬುತ್ತಿರಲಿಲ್ಲ, ತಮ್ಮದನ್ನೂ ಸೇರಿಸಿ. ಎದುರು ಸಿಕ್ಕವರ ಮುಂದೆ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು, “ಏಮಿರಾ, ಈಗ ತಾನೇ ನೋಡಿದ್ಯಲ್ಲ, ನನ್ನ ಷರ್ಟಿಗೆ ಜೇಬಿದ್ಯಾ?” ಎನ್ನುತ್ತಿದ್ದರು. ತಪ್ಪು ಹೇಳಿದರೆ ಮುಳಬಾಗಿಲಿನ ಬಸ್‌ಸ್ಟ್ಯಾಂಡೇ ತಿರುಗಿ ನೋಡುವಂಥ ನಗು.

ಕೋಲಾರದ ಕಾಲೇಜಿನಲ್ಲಿ ನನಗೆ ಕಾಗ್ನಿಟಿವ್ ಸೈಕಾಲಜಿ ಕಲಿಸಿದವರು ಅವರು. “ಮನಸ್ಸು ಕ್ಯಾಮೆರಾ ಅಲ್ಲ ಕಣ್ರೋ, ಅಡಿಗೆಮನೆ. ಕಣ್ಣು ತಂದು ಹಾಕಿದ್ದನ್ನ ಹಂಗೇ ಬಡಿಸಲ್ಲ, ಒಗ್ಗರಣೆ ಹಾಕ್ತದೆ.” ಮನೆಯಲ್ಲೂ ಇದೇ ಪಾಠ. ಅವರ ಹೆಂಡತಿ ಶಾರದಕ್ಕ ಒಮ್ಮೆ ನನಗೆ ಕಾಫಿ ಕೊಡುತ್ತಾ, “ಸಾರಿಗೆ ಉಪ್ಪು ಹಾಕಿದ್ಯಾ ಅಂತ ಎಲ್ಲರ ಗಂಡಂದಿರೂ ಕೇಳ್ತಾರೆ. ಇವರು, ಹಾಕಿದ್ದು ಜ್ಞಾಪಕ ಇದ್ಯಾ, ಇಲ್ಲ ಹಾಕಿರ್ಬೇಕು ಅಂತ ಅನ್ಕೊಂಡ್ಯಾ ಅಂತಾರೆ” ಎಂದಿದ್ದರು.

ಒಂದು ದಿನ ಪಾಠದ ನಡುವೆ ಕ್ಯಾಲನೂರಿನ ಹಾಲಿನವನೊಬ್ಬ ಕ್ಲಾಸಿಗೆ ನುಗ್ಗಿ, “ದಾರಿಗಡ್ಡ ಸ್ಕೂಟರ್ ನಿಲ್ಲಿಸಿದ್ದೀರಲ್ಲ ಸ್ವಾಮಿ!” ಎಂದು ಕೂಗಾಡಿ ಹೋದ. ಮೇಷ್ಟ್ರು ನನ್ನತ್ತ ತಿರುಗಿದರು. “ಅವನ ಹೆಗಲ ಮೇಲಿನ ಟವಲ್ ಯಾವ ಬಣ್ಣ?”

“ಹಸಿರು ಸಾರ್.”

ಉಳಿದವರು ಕೆಂಪು ಎಂದರು. ಜಗಳವೇ ಆಯಿತು. ಆಮೇಲೆ ಮೇಷ್ಟ್ರು ಬಾಗಿಲಾಚೆ ನಗುತ್ತಾ ನಿಂತಿದ್ದ ಆ ಹಾಲಿನವನನ್ನೇ ಒಳಗೆ ಕರೆದರು; ಕೂಗಾಟವೆಲ್ಲ ಅವರೇ ಹೇಳಿಕೊಟ್ಟ ನಾಟಕ. “ನಾನು ಟವಲ್ಲೇ ಹಾಕಲ್ವಲ್ಲ ಸಾರ್!” ಎಂದ ಅವನು.

“ಟವಲ್ ನಾನು ಕೊಟ್ಟಿದ್ದು ಕಣೋ, ಪ್ರಶ್ನೇಲಿ,” ಎಂದರು ಮೇಷ್ಟ್ರು. “ಬಣ್ಣ ನೀನು ಹಾಕ್ಕೊಂಡೆ.”

ಕಳೆದ ಮಾವಿನ ಕಾಲದಲ್ಲಿ, ಮುಳಬಾಗಿಲಿನ ಟೀ ಅಂಗಡಿ ಮುಂದೆ, ನನ್ನೊಡನೆ ಮಾತಾಡುತ್ತಲೇ ಅವರು ಎರಡೂ ಕೈಯಿಂದ ಎದೆ ಮುಚ್ಚಿಕೊಂಡರು. ಜೇಬಿನ ಪ್ರಶ್ನೆ ಬಂತೆಂದು ನಾನು ನಕ್ಕೆ. ಅವರು ಕುಸಿದರು.

ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಅಲುಗಿತು. ಎಂಜಿನ್ನಿನ ಸದ್ದು, ಹಾರ್ನ್. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು.

ಶ್ರೀನಿವಾಸಪುರದ ತವರಿನಿಂದ ಓಡಿಬಂದ ಶಾರದಕ್ಕ ನನ್ನ ತೋಳು ಹಿಡಿದು ಅಲುಗಾಡಿಸಿದರು. “ನನ್ನ ಹೆಸರು ಹೇಳಿದ್ರೇನೋ?”

“ಹೇಳಿದ್ರು ಅಕ್ಕ. ಶಾರದಾ ಅಂದ್ರು.”

ಸುಳ್ಳು ಹೇಳಲಿಲ್ಲ. ಆ ಗಳಿಗೆ ಆ ದನಿ ನನ್ನ ಕಿವಿಯಲ್ಲಿತ್ತು. ಮನೆಗೆ ಬರುವ ದಾರಿಯಲ್ಲಿ ಟವಲ್ ನೆನಪಾಯಿತು. ಅಕ್ಕ ಕೇಳುವ ಮೊದಲು ಆ ಹೆಸರು ನನ್ನೊಳಗೆ ಇತ್ತೇ? ಅಂದಿನಿಂದ ಅದೇ ಆಟೋವನ್ನು ಮತ್ತೆ ಮತ್ತೆ ಹತ್ತುತ್ತಿದ್ದೇನೆ. ಪ್ರತಿ ಸಲವೂ ದನಿ ಇನ್ನಷ್ಟು ಸ್ಪಷ್ಟವಾಗುತ್ತದೆ, ನನ್ನ ಭಯವೂ ಅಷ್ಟೇ ಬೆಳೆಯುತ್ತದೆ. ಇದನ್ನು ಯಾರನ್ನಾದರೂ ಕೇಳಬಹುದಿತ್ತೆಂದರೆ ಮೇಷ್ಟ್ರೊಬ್ಬರನ್ನೇ.

ಮೊನ್ನೆ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋದೆ. “ಅಕ್ಕ, ಆಟೋ ಸದ್ದಲ್ಲಿ ನಂಗೆ ಸರಿಯಾಗಿ...”

ಅವರು ಕೇಳಿಸಿಕೊಳ್ಳಲೇ ಇಲ್ಲ. “ಮದುವೆಯಾದಾಗಿಂದ ನನ್ನ ‘ಇವಳೇ’ ಅಂತಲೇ ಕರೆದೋರು ಕಣೋ. ಹೆಸರು ಹಿಡಿದಿದ್ದು ಅದೊಂದೇ ಸಲ. ಅದನ್ನ ಇಟ್ಕೊಂಡೇ ನಂಗೆ ಬೆಳಗಾಗ್ತಿದೆ. ಇನ್ನೊಂದ್ಸಲ ಹೇಳಪ್ಪ, ಹೆಂಗಂದ್ರು?”

“ಶಾರದಾ ಅಂದ್ರು, ಅಕ್ಕ.”

ಹೇಳುವಾಗ ಮೇಷ್ಟ್ರ ತುಟಿ ಅಲುಗಿದ್ದು ಕಂಡಿತು, ದನಿ ಕೇಳಿಸಿತು. ಅಷ್ಟೇ ಚೆನ್ನಾಗಿ, ಇವತ್ತಿಗೂ, ಆ ಹಾಲಿನವನ ಹೆಗಲ ಮೇಲೆ ಹಸಿರು ಟವಲ್ ಕಾಣುತ್ತದೆ.